ಹತ್ತು ಕಾಲಿದ್ದರೆ ಸಿಗಡಿಯೇ?

ಕಡಲತೀರದ ಬಂಡೆಯಿಂದ ತಂದ ಪಾಚಿಯಲ್ಲಿ ಸಿಕ್ಕ ಜೀವಿಯ ಉದ್ದ ಸುಮಾರು ಒಂದು ಸೆಂಟಿಮೀಟರ್. ಭೂತಗನ್ನಡಿ ಹಿಡಿದು ಕಾಲು ಎಣಿಸಿದೆ, ಐದು ಜೊತೆ. ಸಿಗಡಿ, ಏಡಿಗಳಿಗೆ ನಡೆಯುವ ಕಾಲು ಐದು ಜೊತೆ ಎಂದು ಓದಿದ್ದೆವಲ್ಲ! ರೆಕಾರ್ಡ್ ಪುಸ್ತಕದಲ್ಲಿ ‘ಸಿಗಡಿ ಮರಿ’ ಎಂದು ಬರೆದು ಚಿತ್ರವನ್ನೂ ಬಿಡಿಸಿದೆ. ಮೇಡಂ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ ಬರೆದರು: “ಮರಿಯಾದರೆ ಅದರ ಹೊಟ್ಟೆಯಡಿ ಮೊಟ್ಟೆಚೀಲ ಯಾಕೆ?” ಚೀಲವನ್ನು ನಾನೇ ಬಿಡಿಸಿದ್ದೆ, ಆದರೆ ಅದೇನೆಂದು ಯೋಚಿಸಿರಲಿಲ್ಲ.

ಅದು ಕ್ಯಾಪ್ರೆಲಿಡ್. ಇಂಗ್ಲಿಷಿನಲ್ಲಿ ಇದನ್ನು ಸ್ಕೆಲಿಟನ್ ಶ್ರಿಂಪ್ ಅನ್ನುತ್ತಾರೆ, ಆದರೆ ಸಿಗಡಿಗೂ ಇದಕ್ಕೂ ಹತ್ತಿರದ ನಂಟಿಲ್ಲ. ಇದು ಆಂಫಿಪೋಡ್ ಗುಂಪಿಗೆ ಸೇರಿದ್ದು. ಈ ಗುಂಪಿನವಕ್ಕೆ ಎದೆಭಾಗದಲ್ಲಿ ಸಾಮಾನ್ಯವಾಗಿ ಏಳು ಜೊತೆ ಕಾಲುಗಳಿರುತ್ತವೆ. ಹಾಗಾದರೆ ಐದು ಹೇಗೆ ಬಂತು? ಮತ್ತೊಮ್ಮೆ ನೋಡಿದಾಗ ಗೊತ್ತಾಯಿತು: ಮುಂದೆ ಎರಡು ಜೊತೆ ಹಿಡಿಗಾಲು, ಹಿಂದೆ ಮೂರು ಜೊತೆ ಕೊಕ್ಕೆಗಾಲು, ನಡುವೆ ಕಾಲೇ ಇಲ್ಲದ ಜಾಗ. ಕ್ಯಾಪ್ರೆಲ್ಲಾ ಜಾತಿಯಲ್ಲಿ ಮೂರನೆಯ ಮತ್ತು ನಾಲ್ಕನೆಯ ಖಂಡಗಳಲ್ಲಿ ಕಾಲಿನ ಬದಲು ಕಿವಿರುಗಳಷ್ಟೇ ಉಳಿದಿರುತ್ತವೆ. ಹೆಣ್ಣಿನ ಮೊಟ್ಟೆಚೀಲವೂ ಅಲ್ಲೇ. ಆದ್ದರಿಂದ ಕಾಲು ಎಷ್ಟು ಎಂಬುದಕ್ಕಿಂತ ಎಲ್ಲೆಲ್ಲಿವೆ ಎಂದು ನೋಡಬೇಕು.

ಕಣ್ಣನ್ನೂ ಗಮನಿಸಿ. ಸಿಗಡಿಯ ಕಣ್ಣು ತೊಟ್ಟಿನ ತುದಿಯಲ್ಲಿರುತ್ತದೆ, ಇದರ ಕಣ್ಣು ತಲೆಗೇ ಅಂಟಿಕೊಂಡಿರುತ್ತದೆ. ಸಿಗಡಿಗಿರುವ ಬೆನ್ನುಚಿಪ್ಪು ಇದಕ್ಕಿಲ್ಲ. ನಾವು ಬಿಡಿಸಿ ತಿನ್ನುವ ಸಿಗಡಿಯ ಮಾಂಸವೆಲ್ಲ ಹೊಟ್ಟೆಭಾಗದ್ದು. ಕ್ಯಾಪ್ರೆಲಿಡ್‌ಗೆ ಆ ಭಾಗ ಬರೀ ಗುಬುಟು. ನಾವು ತಿನ್ನುವ ಸಿಗಡಿಗಳ ಮೊಟ್ಟೆಯೊಡೆದು ಹೊರಬರುವುದು ತಾಯಿಯನ್ನು ಸ್ವಲ್ಪವೂ ಹೋಲದ ನಾಪ್ಲಿಯಸ್ ಲಾರ್ವಾ. ಕ್ಯಾಪ್ರೆಲಿಡ್ ಮರಿಯಾದರೋ ಚೀಲದಿಂದ ಇಳಿಯುವಾಗಲೇ ತಾಯಿಯ ಪುಟ್ಟ ಪ್ರತಿ.

ಅದೇ ಪಾಚಿಯಲ್ಲಿ ಬೇರೆಯವೂ ಇರುತ್ತವೆ. ಎರಡು ಪಕ್ಕಗಳಿಂದ ಒತ್ತಿದಂತಿದ್ದು, ತಟ್ಟೆಯಲ್ಲಿ ಮಗ್ಗುಲಾಗಿ ಬಿದ್ದು ಒದ್ದಾಡಿದರೆ ಸಾಮಾನ್ಯ ಆಂಫಿಪೋಡ್. ಮೇಲಿನಿಂದ ಚಪ್ಪಟೆಯಾಗಿದ್ದು, ಒಂದೇ ತೆರನ ಕಾಲುಗಳಲ್ಲಿ ಹರಿದಾಡಿದರೆ ಐಸೋಪೋಡ್.

ನೀವೂ ನೋಡುವುದಾದರೆ ಸಮುದ್ರದ ನೀರನ್ನೇ ಬಳಸಿ, ನಲ್ಲಿ ನೀರು ಬೇಡ. ತಟ್ಟೆಯಲ್ಲಿ ಒಂದು ಎಳೆ ಪಾಚಿ ಬಿಡಿ. ಹಿಡಿದುಕೊಳ್ಳಲು ಏನಾದರೂ ಸಿಕ್ಕಿತೋ, ಕ್ಯಾಪ್ರೆಲಿಡ್ ಹಿಂಗಾಲಲ್ಲಿ ಅದನ್ನು ಕಚ್ಚಿಕೊಂಡು ಸೂರ್ಯನ ಕುದುರೆಯಂತೆ ನೆಟ್ಟಗೆ ನಿಲ್ಲುತ್ತದೆ. ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ನಡೆಯುವುದೂ ಕಾಣುತ್ತದೆ. ಬೋಳು ತಟ್ಟೆಯಲ್ಲಿ ಸುಮ್ಮನೆ ಹೊರಳಾಡುತ್ತದೆ, ನಾನು ಮೊದಲ ಸಲ ನೋಡಿದ್ದು ಅದನ್ನೇ. ನೋಡಿಯಾದ ಮೇಲೆ ಪಾಚಿ ಸಮೇತ ತಂದ ಜಾಗದಲ್ಲೇ ಬಿಡಿ.

ಪ್ರಭೇದ ಯಾವುದು ಎಂದು ಹೇಳುವುದು ಭೂತಗನ್ನಡಿಯ ಕೆಲಸವಲ್ಲ. ಅದಕ್ಕೆ ಬೆಳೆದ ಗಂಡಿನ ಎರಡನೆಯ ಹಿಡಿಗಾಲಿನ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ನನಗೆ ಸಿಕ್ಕಿದ್ದು ಹೆಣ್ಣು. ಹಾಗಾಗಿ ‘ಸಿಗಡಿ ಮರಿ’ ಎಂಬುದಕ್ಕೆ ಗೆರೆ ಎಳೆದು ‘ಕ್ಯಾಪ್ರೆಲಿಡ್, ಹೆಣ್ಣು, ಮೊಟ್ಟೆಚೀಲವಿದೆ’ ಎಂದು ಬರೆದೆ. ಪ್ರಭೇದದ ಜಾಗ ಖಾಲಿ ಇದೆ. ಮೇಡಂ ಅದಕ್ಕೆ ಸಹಿ ಹಾಕಿದರು.