ಬತ್ತದ ಗದ್ದೆಯ ನಾಲ್ಕೆಲೆಯ ಜರೀಗಿಡ

ಜರೀಗಿಡಗಳು ಮಲೆನಾಡಿನ ನೆರಳಿನಲ್ಲಿ ಮಾತ್ರ ಬೆಳೆಯತಕ್ಕವೆಂಬುದು ಅನೇಕರ ಭಾವನೆ. ಆದರೆ ಬಯಲುಸೀಮೆಯ ಬತ್ತದ ಗದ್ದೆಗಳಲ್ಲಿಯೂ ಆ ವರ್ಗಕ್ಕೆ ಸೇರಿದ ಒಂದು ದೇಶೀಯ ಸಸ್ಯವುಂಟು. 1771ರಲ್ಲಿ ಲಿನೇಯಸ್ ಪಂಡಿತನು ಇದಕ್ಕೆ ಮಾರ್ಸಿಲಿಯ ಮೈನ್ಯೂಟ ಎಂದು ನಾಮಕರಣ ಮಾಡಿದನು. ಇದು ಪೈರಿನ ಆಹಾರವನ್ನು ಅಪಹರಿಸುವ ಕಳೆಯಾದುದರಿಂದ ಭೂಮಾಲೀಕರು ಇದನ್ನು ಗುರುತಿಸಲು ಕಲಿಯುವುದು ಅವಶ್ಯಕ.

ನೆಲೆ.— ನೀರು ನಿಂತು ಬತ್ತುವ ಕೆಸರುನೆಲವೇ ಇದರ ವಾಸಸ್ಥಾನ. ಕೆರೆಯಂಚು, ಕಾಲುವೆಯ ಮಗ್ಗುಲು, ಗದ್ದೆ ಇವುಗಳಲ್ಲಿ ನೋಡಬೇಕು. ಪಾಂಡವಪುರ ತಾಲ್ಲೂಕಿನಲ್ಲಿ ತೊಣ್ಣೂರು ಕೆರೆ ಮತ್ತು ವಿಶ್ವೇಶ್ವರಯ್ಯ ನಾಲೆಗಳ ನೀರು ಹಾಯುವ ಗದ್ದೆಗಳು ಇಂತಹ ನೆಲೆಗಳೇ.

ಎಲೆ.— ಕೆಸರಿನಲ್ಲಿ ಹರಿದಾಡುವ ತೆಳ್ಳನೆಯ ಕಾಂಡದಿಂದ ಸಣ್ಣ ತೊಟ್ಟುಗಳು ಮೇಲೇಳುವುವು. ಒಂದೊಂದು ತೊಟ್ಟಿನ ತುದಿಯಲ್ಲಿಯೂ ನಾಲ್ಕು ಕಿರುದಳಗಳು ಚತುಷ್ಪಥದಂತೆ ಕೂಡಿರುವುವು. ನೀರು ನಿಂತಿರುವಾಗ ಇವು ತೇಲುವುವು; ನೀರಿಳಿದ ಮೇಲೆ ನೆಟ್ಟಗೆ ನಿಲ್ಲುವುವು; ರಾತ್ರಿ ಮಡಿಚಿಕೊಳ್ಳುವುವು. ಎಳೆಯ ಎಲೆಯು ಸುರುಳಿಯಾಗಿರುವುದು. ಇದೇ ಜರೀಗಿಡದ ಗುರುತು.

ಭೇದ.— ಪುಲ್ಲಂಪುರಚಿ ಸೊಪ್ಪನ್ನು ಇದೆಂದು ಭ್ರಮಿಸುವುದುಂಟು. ಅದಕ್ಕೆ ಹೃದಯಾಕಾರದ ಮೂರೇ ದಳಗಳು, ಹಳದಿ ಹೂ, ಹುಳಿರುಚಿ. ಜರೀಗಿಡವು ಎಂದಿಗೂ ಹೂ ಬಿಡುವುದಿಲ್ಲ. ಅದರ ತೊಟ್ಟಿನ ಬುಡದಲ್ಲಿ ಹುರುಳಿಕಾಳಿಗಿಂತಲೂ ಚಿಕ್ಕದಾದ ಗಟ್ಟಿ ಕೋಶಗಳು ಮೂಡುವುವು. ಬೀಜಾಣುಗಳು ಇವುಗಳೊಳಗೆ ಅಡಗಿರುವುವು.

ಎಚ್ಚರಿಕೆ.— ನೀರು ಬತ್ತಿ ಎಲೆ ಒಣಗಿದರೆ ಗಿಡವು ನಾಶವಾಯಿತೆಂದು ತಿಳಿಯಕೂಡದು. ಕೋಶಗಳು ಒಣಮಣ್ಣಿನಲ್ಲಿ ಅನೇಕ ವರ್ಷಗಳು ಜೀವದಿಂದಿದ್ದು, ನೀರು ಬಂದೊಡನೆ ಮೊಳೆಯಬಲ್ಲವು. ಆದುದರಿಂದ ಕೆರೆಯ ಹೂಳನ್ನು ಹೊಲಕ್ಕೆ ಹೊಡೆಸುವುದಕ್ಕೆ ಮೊದಲು, ಹೂಳು ತೆಗೆಯುವ ಜಾಗದಲ್ಲಿ ಈ ಗಿಡವಿದ್ದಿತೇ ಎಂದು ವಿಚಾರಿಸಬೇಕು. ಇದ್ದಲ್ಲಿ ಆ ಹೂಳನ್ನು ನೀರು ನಿಲ್ಲದ ಬೆದ್ದಲು ಭೂಮಿಗೆ ಉಪಯೋಗಿಸುವುದು ಲೇಸು. ಕಳೆ ಕೀಳುವಾಗ ಕೋಶ ಕಟ್ಟುವ ಮುನ್ನವೇ ಕಾಂಡಸಮೇತ ತೆಗೆಯತಕ್ಕದ್ದು; ಕಾಂಡದ ತುಂಡು ಉಳಿದರೂ ಪುನಃ ಚಿಗುರುವುದು. ಕಿತ್ತುದನ್ನು ಬದುವಿನ ಮೇಲೆ ಬಿಡದೆ ದೂರ ಸಾಗಿಸಿ ಒಣಗಿಸಬೇಕು.

ಬಂಗಾಳದಲ್ಲಿ ಈ ಕುಲದ ಎಳೆಯ ಸೊಪ್ಪನ್ನು ಬೇಯಿಸಿ ಪಲ್ಯ ಮಾಡುವರು. ಆದರೆ ಆಸ್ಟ್ರೇಲಿಯದಲ್ಲಿ ಇದೇ ಕುಲದ ನಾರ್ಡೂ ಗಿಡವನ್ನು ಹೆಚ್ಚಾಗಿ ಮೇಯ್ದ ಕುರಿಗಳು ಬಿ1 ಜೀವಸತ್ವದ ಕೊರತೆಯಿಂದ ರೋಗಕ್ಕೀಡಾಗಿ ಸತ್ತುದುಂಟು. ಆದುದರಿಂದ ಕಿತ್ತ ಕಳೆಯನ್ನು ಕುರಿಗಳಿಗೆ ರಾಶಿಯಾಗಿ ಮೇಯಲು ಬಿಡದಿರುವುದು ಕ್ಷೇಮಕರ.