ಟಯರ್ ಮೇಲಿನ ಕೊನೆಯ ಅಕ್ಷರ

ಬೇಳೆ, ಎಣ್ಣೆ ಕೊಳ್ಳುವಾಗ ಹತ್ತು ಸಲ ನೋಡುವ ನಾವು, ಕಾರಿನ ಟಯರ್ ಸವೆದಾಗ ಸೈಜ್ ಹೇಳಿ ರೇಟು ಕೇಳಿ ಮುಗಿಸಿಬಿಡುತ್ತೇವೆ.

ಟಯರ್ ಪಕ್ಕದಲ್ಲಿ 185/65 ಆರ್ 15 88 ಎಚ್ ಎಂದಿದೆಯೆನ್ನಿ. 88 ಅಂದರೆ ಒಂದು ಟಯರ್ ಹೊರಬಲ್ಲ ಭಾರ, 560 ಕಿಲೋ. ಕೊನೆಯ ಎಚ್ ವೇಗದ ಮಿತಿ, ಗಂಟೆಗೆ 210 ಕಿ.ಮೀ. ಎಸ್‌ಗೆ 180, ಟಿಗೆ 190, ವಿಗೆ 240. ಎಚ್ ಮಾತ್ರ ಅಕ್ಷರಮಾಲೆಯ ಸಾಲು ತಪ್ಪಿ ಯು ಮತ್ತು ವಿ ನಡುವೆ ಕೂತಿದೆ. 'ಎಸ್ ಮುಂದಿನ ಅಕ್ಷರ, ಇನ್ನೂ ಒಳ್ಳೇದು' ಎಂದು ಅಂಗಡಿಯವನು ಹೇಳಿದರೆ ನಂಬಬೇಡಿ.

ಮುಂಬೈ-ಪುಣೆ ಎಕ್ಸ್‌ಪ್ರೆಸ್ ವೇಯಲ್ಲೇ ಕಾರಿಗೆ 100ರ ಮಿತಿ, 210 ಯಾರಿಗೆ ಬೇಕು? ನಾನೂ ಹಾಗೇ ವಾದಿಸಿ ಎಚ್ ಬದಲು ಎಸ್ ಹಾಕಿಸಿದ್ದೆ. ಮೇ ತಿಂಗಳ ಮಧ್ಯಾಹ್ನ, ಪುಣೆಯ ಮದುವೆ ಆರ್ಡರಿಗೆ ಐದು ಜನ, ಡಿಕ್ಕಿ ತುಂಬಾ ಪಾತ್ರೆ. ದಾರಿಯಲ್ಲಿ ಹಿಂದಿನ ಟಯರ್ ಸಿಡಿಯಿತು. ಯಾರಿಗೂ ಏನೂ ಆಗಲಿಲ್ಲ, ದೇವರ ದಯೆ. ತಪ್ಪು ಅಕ್ಷರದ್ದೊಂದೇ ಅಲ್ಲ, ಗಾಳಿಯೂ ಕಡಿಮೆಯಿತ್ತು. ಆದರೆ ಈ ಅಕ್ಷರ ನಿಜವಾಗಿ ಹೇಳುವುದು ಟಯರ್ ಎಷ್ಟು ಬಿಸಿ ತಾಳುತ್ತದೆ ಎಂಬುದನ್ನು. ಆ ಪರೀಕ್ಷೆ ನಡೆಯುವುದು ಸರಿಯಾದ ಗಾಳಿಯಲ್ಲಿ, ಹೊಸ ಟಯರಿಗೆ. ಗಾಳಿ ಇಳಿದು ಭಾರ ಏರಿದರೆ ಟಯರ್ ಹೆಚ್ಚು ಮಡಚಿ ಬಿಸಿಯಾಗುತ್ತದೆ. ಕ್ಯಾಟರಿಂಗ್ ಗಾಡಿಯ ಪಾಡು ಹೆಚ್ಚಾಗಿ ಅದೇ ಅಲ್ಲವೇ?

ಡ್ರೈವರ್ ಬಾಗಿಲ ಬಳಿಯ ಸ್ಟಿಕರ್ ಅಥವಾ ಗಾಡಿಯ ಕೈಪಿಡಿಯಲ್ಲಿ ಅಳತೆ, ಗಾಳಿ ಎಲ್ಲಾ ಇರುತ್ತದೆ. ಅಲ್ಲಿ ಹೇಳಿದ ಭಾರದ ಸಂಖ್ಯೆ, ಅಕ್ಷರಕ್ಕಿಂತ ಕೆಳಗೆ ಇಳಿಯಬೇಡಿ. ಮೇಲಿನದು ಹಾಕಿದರೆ ತೊಂದರೆಯಿಲ್ಲ. ಎರಡೇ ಟಯರ್ ಬದಲಿಸುವುದಾದರೆ ಹೊಸ ಜೋಡಿ ಹಿಂದಕ್ಕೆ. ತಯಾರಿಕೆಯ ನಾಲ್ಕು ಅಂಕಿಯನ್ನೂ ನೋಡಿ: 2324 ಎಂದರೆ 2024ರ 23ನೇ ವಾರ. ಬಿಲ್ಲಿನಲ್ಲಿ ಬರೀ ಸೈಜ್ ಸಾಲದು, ಅಕ್ಷರದವರೆಗೆ ಪೂರ್ತಿ ಬರೆಸಿಕೊಳ್ಳಿ.