ಶುಗರ್ ಹದಕ್ಕೆ ತನ್ನಿ, ಇಂಪ್ಲಾಂಟ್ ಗೆಲ್ಲಿಸಿ: 7 ಸೂತ್ರಗಳು

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಈ ನಾಲ್ಕು ತಾಲ್ಲೂಕಿನ ಯಾವ ರೈತರನ್ನು ಕೇಳಿದರೂ ಹದ ನೋಡಿ ಬಿತ್ತಬೇಕು ಅನ್ನುತ್ತಾರೆ. ಹಲ್ಲಿನ ಇಂಪ್ಲಾಂಟ್‌ಗೂ ಇದೇ ನಿಯಮ. ಟೈಟಾನಿಯಂ ಸ್ಕ್ರೂ ಬೀಜ, ದವಡೆಯ ಮೂಳೆ ಹೊಲ, ಹತೋಟಿಯಲ್ಲಿರುವ ಶುಗರ್ ಹದ. ಹಲ್ಲು ಹೋಗಿದೆ, ಶುಗರ್ ಇದೆ ಎಂದು ಕೊರಗಬೇಡಿ. ಹೊಲ ಸಿದ್ಧ ಮಾಡಿ.

1. ‘ನನಗೆ ಆಗಲ್ಲ’ ಅನ್ನುವುದನ್ನು ಬಿಡಿ
ಇದು ಬರೀ ರೂಢಿಯ ಮಾತು. ಶುಗರ್ ಹತೋಟಿಯಲ್ಲಿಟ್ಟವರ ಇಂಪ್ಲಾಂಟ್‌ಗಳು ಉಳಿದವರಂತೆಯೇ ಹೆಚ್ಚುಕಡಿಮೆ ಚೆನ್ನಾಗಿ ಉಳಿಯುತ್ತವೆ. ಸೋಲು-ಗೆಲುವು ನಿಮ್ಮ ರಿಪೋರ್ಟಿನ ಅಂಕಿಯಲ್ಲಿದೆ. ಆ ಅಂಕಿ ನಿಮ್ಮ ಕೈಯಲ್ಲಿದೆ.

2. ಎಚ್‌ಬಿಎ1ಸಿ ಮಾಡಿಸಿ
ಒಂದು ಬೆಳಗಿನ ರೀಡಿಂಗ್ ನಂಬಿ ಕೂರಬೇಡಿ. ರಕ್ತದ ಸಕ್ಕರೆ ಅಂಟಿಕೊಳ್ಳುವ ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಹಾಗಾಗಿ ಈ ಟೆಸ್ಟ್ ಕಳೆದ ಎರಡು-ಮೂರು ತಿಂಗಳ ಶುಗರ್ ಸರಾಸರಿ ಹೇಳುತ್ತದೆ. ಶೇ. 7ರ ಒಳಗೆ ಗುರಿ ಇಡಿ. ಶೇ. 8 ದಾಟಿದ್ದರೆ ಅವಸರ ಬೇಡ. ಮೊದಲು ಇಳಿಸಿ, ಆಮೇಲೆ ದಿನಾಂಕ ಗೊತ್ತು ಮಾಡಿ.

3. ಮೂಳೆಯೊಳಗಿನ ಕೆಲಸ ತಿಳಿದುಕೊಳ್ಳಿ
1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೊನೆಮಾರ್ಕ್, ಮೊಲದ ಮೂಳೆಗೆ ಕೂರಿಸಿದ್ದ ಟೈಟಾನಿಯಂ ಕಿತ್ತರೂ ಬಾರದಂತೆ ಬೆಸೆದುಕೊಂಡದ್ದನ್ನು ಕಂಡರು. 1965ರಲ್ಲಿ ಮೊದಲ ರೋಗಿಯ ದವಡೆಗೆ ಹಾಕಿದರು. ಇಂಪ್ಲಾಂಟ್ ನಿಲ್ಲುವುದು ಆ ಬೆಸುಗೆಯ ಮೇಲೆ. ಸಕ್ಕರೆ ಏರಿದರೆ ಮೂಳೆ ಕಟ್ಟುವ ಜೀವಕೋಶಗಳು ನಿಧಾನವಾಗುತ್ತವೆ. ಕೊಲಾಜನ್ ಎಳೆಗಳಿಗೆ ಸಕ್ಕರೆ ಅಂಟಿ ಅವು ಪೆಡಸಾಗುತ್ತವೆ. ಸಣ್ಣ ರಕ್ತನಾಳಗಳು ಸೊರಗುತ್ತವೆ. ಬಿಳಿ ರಕ್ತಕಣಗಳು ಸೋಂಕಿನೆದುರು ಸೋಲುತ್ತವೆ. ಕಾರಣ ಗೊತ್ತಿದ್ದರೆ ಪಥ್ಯ ತಪ್ಪುವುದಿಲ್ಲ.

4. ವಸಡು ಮೊದಲು, ಸ್ಕ್ರೂ ಆಮೇಲೆ
ಹಲ್ಲುಜ್ಜುವಾಗ ರಕ್ತ ಬರುತ್ತಿದೆಯೇ? ಕ್ಲೀನಿಂಗ್ ಮಾಡಿಸಿ, ವಸಡಿನ ಚಿಕಿತ್ಸೆ ಮುಗಿಸಿ. ವಸಡಿನ ಸೋಂಕು ಶುಗರ್ ಏರಿಸುತ್ತದೆ, ಏರಿದ ಶುಗರ್ ವಸಡು ಕೆಡಿಸುತ್ತದೆ. ಈ ಸುತ್ತು ಮುರಿಯಿರಿ.

5. ತಂಬಾಕು ಪೂರ್ತಿ ಬಿಡಿ
ಸವಣೂರಿನ ವೀಳ್ಯದೆಲೆಗೆ ಹೆಸರಿದೆ, ನಿಜ. ಆದರೆ ಅದರೊಳಗೆ ಮಡಚಿ ಹಾಕುವ ತಂಬಾಕು, ಜೇಬಿನ ಗುಟ್ಕಾ, ಬೀಡಿ ಯಾವುದೂ ಬೇಡ. ಶುಗರ್‌ನಿಂದ ಮೊದಲೇ ಕಡಿಮೆಯಾದ ರಕ್ತ ಸಂಚಾರವನ್ನು ನಿಕೋಟಿನ್ ಇನ್ನಷ್ಟು ಕಡಿಮೆ ಮಾಡುತ್ತದೆ.

6. ಖಾಲಿ ಹೊಟ್ಟೆಯಲ್ಲಿ ಬಸ್ ಹತ್ತಬೇಡಿ
ಹುಬ್ಬಳ್ಳಿಗೆ ಹೋಗಿ, ಧಾರವಾಡದ ಎಸ್‌ಡಿಎಂ ದಂತ ಕಾಲೇಜಿಗೆ ಹೋಗಿ, ಬೆಳಗಿನ ಅಪಾಯಿಂಟ್‌ಮೆಂಟ್ ಕೇಳಿ. ಡಾಕ್ಟರ್ ಬೇರೆ ಹೇಳದಿದ್ದರೆ ನಾಷ್ಟಾ ಮುಗಿಸಿ ಹೊರಡಿ. ಆ ದಿನದ ಮಾತ್ರೆ, ಇನ್ಸುಲಿನ್ ಬಗ್ಗೆ ಮುಂಚೆಯೇ ಕೇಳಿಕೊಳ್ಳಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಹಸಿದು ಕೂತರೆ ಶುಗರ್ ಥಟ್ಟನೆ ಇಳಿಯಬಹುದು. ಚಿಕಿತ್ಸೆಯ ಕುರ್ಚಿಯಲ್ಲಿ ಅದು ಅಪಾಯ.

7. ಕಾಯಿರಿ, ಕಾಯುತ್ತಲೇ ದುಡಿಯಿರಿ
ಕೆಳದವಡೆಯ ಮೂಳೆ ಗಟ್ಟಿ, ಬೆಸೆಯಲು ಸುಮಾರು 3 ತಿಂಗಳು. ಮೇಲ್ದವಡೆಗೆ 4ರಿಂದ 6 ತಿಂಗಳು. ಶುಗರ್ ಇದ್ದರೆ ಡಾಕ್ಟರ್ ಇನ್ನೂ ಸ್ವಲ್ಪ ತಡೆಯಿರಿ ಎನ್ನಬಹುದು, ಒಪ್ಪಿಕೊಳ್ಳಿ. ಅಲ್ಲಿಯವರೆಗೆ ಇಂಪ್ಲಾಂಟ್ ಹಾಕಿದ ಕಡೆ ಖಡಕ್ ರೊಟ್ಟಿ ಅಗಿಯಬೇಡಿ. ಹಲ್ಲು ಕೂತ ಮೇಲೂ ತಪಾಸಣೆ ತಪ್ಪಿಸಬೇಡಿ. ರಕ್ತ, ಕೀವು, ಬಾವು ಕಂಡರೆ ಅಂದೇ ತೋರಿಸಿ. ಸೋಂಕು ಸದ್ದಿಲ್ಲದೆ ಸುತ್ತಲಿನ ಮೂಳೆ ತಿನ್ನುತ್ತದೆ.

ಸ್ಕ್ರೂ ಕೂರಿಸುವ ಕೆಲಸ ಡಾಕ್ಟರದು, ಬೇರು ಹಿಡಿಸುವ ಕೆಲಸ ನಿಮ್ಮದು. ನಾಳೆ ಬೆಳಿಗ್ಗೆ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಶುಗರ್ ಚೆಕ್ ಮಾಡಿಸಿ, ಅಂಕಿ ಬರೆದಿಡಿ. ಮೊದಲ ಉಳುಮೆ ಅಲ್ಲಿಂದಲೇ.